ಅವಳಿಗೆ ಯಾರು ಹೇಳ್ತೀರಿ?

ಬೆಳಗಿನ ಜಾವ ಐದು ಗಂಟೆಗೆ ಫೋನ್ ಬರುತ್ತೆ. ಆ ಹೊತ್ತಿನಲ್ಲಿ ಬರೋ ಫೋನ್ ಅಂದ್ರೇನೇ ಎದೆ ಧಸಕ್ ಅನ್ನುತ್ತೆ, ಅಲ್ವಾ? ನೀವು ಎತ್ತಿಕೊಳ್ತೀರಿ. ಆ ಕಡೆಯಿಂದ ಎರಡೇ ಮಾತು. ನಿಮ್ಮ ಬಾಯಿಂದ 'ಅಯ್ಯೋ ದೇವರೇ' ಅಂತ ಹೊರಟಿದ್ದೇ ತಡ, ಮನೆಯ ಲೈಟುಗಳೆಲ್ಲ ಹತ್ತಿಕೊಳ್ಳುತ್ತವೆ. ಯಜಮಾನರು ಎದ್ದು ಬರುತ್ತಾರೆ. ಅತ್ತೆ ತಮ್ಮ ಕೋಣೆಯಿಂದಲೇ 'ಏನಾಯ್ತೇ?' ಅಂತ ಕೂಗುತ್ತಾರೆ. ಮಗ ಬಾಗಿಲಲ್ಲಿ ನಿಂತು ಕಣ್ಣುಜ್ಜಿಕೊಳ್ಳುತ್ತಾನೆ. ಐದು ನಿಮಿಷದಲ್ಲಿ ಮನೆಯವರಿಗೆಲ್ಲ ವಿಷಯ ಗೊತ್ತು. ಯಾರೂ ಯಾರನ್ನೂ ಕೂರಿಸಿಕೊಂಡು ಹೇಳಿದ್ದಲ್ಲ. ಸುದ್ದಿ ತಾನಾಗಿಯೇ ಕಿವಿಯಿಂದ ಕಿವಿಗೆ ಹರಿದುಹೋಯಿತು.

ಒಬ್ಬಳನ್ನು ಬಿಟ್ಟು. ಒಳಗಿನ ಕೋಣೆಯಲ್ಲಿ ಮಲಗಿರುವ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಅವಳು ಎದ್ದು ಬಂದಾಗ ಕಾಣುವುದು ಅತ್ತು ಕೆಂಪಾದ ಕಣ್ಣುಗಳು, ಬ್ಯಾಗಿಗೆ ಬಟ್ಟೆ ತುಂಬುತ್ತಿರುವ ಅಪ್ಪ, ಒಲೆ ಹತ್ತಿಸದ ಅಡುಗೆಮನೆ. 'ಏನಾಯ್ತು?' ಅಂತ ಅವಳು ಕೈಯಲ್ಲೇ ಕೇಳುತ್ತಾಳೆ. ನೀವು ಕಣ್ಣೊರೆಸಿಕೊಂಡು, 'ಏನಿಲ್ಲ, ಆಮೇಲೆ ಹೇಳ್ತೀನಿ' ಅನ್ನುತ್ತೀರಿ.

ಆ 'ಆಮೇಲೆ' ಎಷ್ಟು ದಿನದ್ದು ಅನ್ನೋದರ ಬಗ್ಗೆಯೇ ಇವತ್ತು ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿತು.

ಅವಳು ಕೇಳಿದ್ದು ದಿನಾಂಕ

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲೇ ನಡೆದದ್ದು. ಆ ಮನೆಯ ಹುಡುಗಿಗೆ ಆಗ ಹದಿನೇಳು ವರ್ಷ. ಹುಟ್ಟಿನಿಂದಲೇ ಶ್ರವಣದೋಷ. ಸಾಕಿದ್ದೆಲ್ಲ ಅಜ್ಜಿ. ಜಡೆ ಹಾಕುತ್ತಿದ್ದುದು, ಶಾಲೆಯ ಬಸ್ಸಿಗೆ ಬಿಡುತ್ತಿದ್ದುದು, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದುದು ಎಲ್ಲ ಅಜ್ಜಿಯೇ. ಅಜ್ಜಿ ಆಸ್ಪತ್ರೆ ಸೇರಿದಾಗ ಹುಡುಗಿಗೆ ಪಿಯುಸಿ ಪರೀಕ್ಷೆ ಎದುರಿಗಿತ್ತು. 'ಓದೋಕೆ ತೊಂದರೆ ಆಗುತ್ತೆ' ಅಂತ ಚಿಕ್ಕಮ್ಮನ ಮನೆಗೆ ಕಳಿಸಿದರು. ಅಜ್ಜಿ ಹೋಗಿಬಿಟ್ಟರು. ಮನೆಯ ಹಿರಿಯರೆಲ್ಲ ಸೇರಿ ಒಂದೇ ತೀರ್ಮಾನಕ್ಕೆ ಬಂದರು: 'ಈಗಲೇ ಅವಳಿಗೆ ಹೇಳೋದು ಬೇಡ. ಪಾಪ, ತಡ್ಕೊಳ್ಳಲ್ಲ.'

ಪರೀಕ್ಷೆ ಮುಗಿಸಿಕೊಂಡು ಅವಳು ಮನೆಗೆ ಬಂದಾಗ ಕರ್ಮಾಂತರವೆಲ್ಲ ಮುಗಿದಿತ್ತು. ಅಜ್ಜಿಯ ಮಂಚ ಇರಲಿಲ್ಲ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೋ. ಅವಳು ಫೋಟೋ ನೋಡಿದಳು, ಆಮೇಲೆ ಅಡುಗೆಮನೆ ನೋಡಿದಳು, ಹಿತ್ತಲು ನೋಡಿದಳು. ಅಮ್ಮ ಮೇಲಕ್ಕೆ ಕೈ ತೋರಿಸಿ 'ದೇವರ ಹತ್ರ ಹೋದ್ರು' ಅಂದರು. ಹುಡುಗಿ ಅಳಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಕೇಳಿದಳು, 'ಯಾವತ್ತು?' ಅಮ್ಮ ದಿನಾಂಕ ಬರೆದರು. ಅವಳು ಬೆರಳೆಣಿಸಿದಳು. ಆ ದಿನ ಚಿಕ್ಕಮ್ಮ ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಐಸ್‌ಕ್ರೀಂ ಕೊಡಿಸಿದ್ದರಂತೆ.

'ಅವಳು ಅತ್ತಿದ್ರೆ ಸಮಾಧಾನ ಮಾಡ್ತಿದ್ದೆ ಕಣ್ರೀ. ಅವಳು ದಿನಾಂಕ ಕೇಳಿದಳು. ಅದಾದ ಮೇಲೆ ನಾನು ಏನು ಹೇಳಿದರೂ ನಂಬಲ್ಲ. ಅವರಪ್ಪ ಆಫೀಸಿಂದ ಬರೋದು ಅರ್ಧ ಗಂಟೆ ತಡವಾದರೂ ನನ್ನ ಮುಖಾನೇ ನೋಡ್ತಾ ನಿಂತಿರ್ತಾಳೆ' ಅಂತ ಆ ತಾಯಿ ನನ್ನ ಹತ್ತಿರ ಕಣ್ಣೀರು ಹಾಕಿದರು. ಅವರು ಕೆಟ್ಟ ತಾಯಿಯಲ್ಲ. ಮಗಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ್ದು. ಆದರೆ ಆ ಹುಡುಗಿ ಒಂದೇ ಸಲಕ್ಕೆ ಎರಡನ್ನು ಕಳೆದುಕೊಂಡಳು: ಒಂದು ಅಜ್ಜಿ, ಇನ್ನೊಂದು ಮನೆಯವರ ಮೇಲಿನ ನಂಬಿಕೆ. ಮೊದಲನೆಯದು ಯಾರ ಕೈಯಲ್ಲೂ ಇರಲಿಲ್ಲ. ಎರಡನೆಯದು ನಮ್ಮ ಕೈಯಲ್ಲೇ ಇತ್ತು.

ಕಿವಿ ಇದ್ದವರಿಗೆ ಪುಕ್ಕಟೆ ಸಿಗುವುದು

2011ರ ಜನಗಣತಿಯ ಲೆಕ್ಕದಲ್ಲೇ ನಮ್ಮ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ಹುಟ್ಟು ಕಿವುಡು ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅಂದರೆ ಬಹುಪಾಲು ಮನೆಗಳಲ್ಲಿ ಆ ಮಗು ಒಂದೇ, ಉಳಿದವರೆಲ್ಲ ಬಾಯಲ್ಲಿ ಮಾತಾಡುವವರು.

ನಮ್ಮ ಕೇಳುವ ಮಕ್ಕಳು ಸಾವು ಅಂದರೇನು ಅನ್ನೋದನ್ನು ಎಲ್ಲಿ ಕಲಿತರು, ಯೋಚಿಸಿದ್ದೀರಾ? ನಾವು ಪಾಠ ಮಾಡಿ ಕಲಿಸಲಿಲ್ಲ. ದೊಡ್ಡವರು ಹಾಲಿನಲ್ಲಿ ಕೂತು 'ಡಾಕ್ಟರು ಕೈಬಿಟ್ಟರಂತೆ' ಅಂದಿದ್ದು, ಫೋನಿನಲ್ಲಿ ಪಿಸುಗುಟ್ಟಿದ್ದು, ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಹೇಳಿದ್ದು ಇವೆಲ್ಲ ಆಟವಾಡುತ್ತಲೇ ಅವರ ಕಿವಿಗೆ ಬಿದ್ದಿರುತ್ತದೆ. ಅಜ್ಜನಿಗೆ ಹುಷಾರಿಲ್ಲ, ಜಾಸ್ತಿಯಾಗಿದೆ, ಇನ್ನು ಉಳಿಯೋದು ಕಷ್ಟ... ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮನಸ್ಸು ತಯಾರಾಗುತ್ತದೆ. ಕಿವಿ ಕೇಳಿಸದ ಮಗುವಿಗೆ ಈ ಮೆಟ್ಟಿಲುಗಳು ಒಂದೂ ಸಿಗುವುದಿಲ್ಲ. ನಿನ್ನೆ ಅಜ್ಜ ಇದ್ದರು, ಇವತ್ತು ಇಲ್ಲ. ಅಷ್ಟೇ. ಎಲ್ಲ ಸಾವೂ ಅವರ ಪಾಲಿಗೆ ದಿಢೀರ್ ಸಾವೇ.

ಪಾಶ್ಚಾತ್ಯ ದೇಶಗಳ ಕಿವುಡ ಸಮುದಾಯ ಇದಕ್ಕೆ 'ಡಿನ್ನರ್ ಟೇಬಲ್ ಸಿಂಡ್ರೋಮ್' ಅಂತ ಹೆಸರಿಟ್ಟಿದೆ. ಊಟಕ್ಕೆ ಎಲ್ಲರೂ ಒಟ್ಟಿಗೇ ಕೂತಿರುತ್ತಾರೆ, ಮಾತು, ನಗು, ಚರ್ಚೆ ನಡೆಯುತ್ತಿರುತ್ತದೆ. ಕೇಳಿಸದ ಒಬ್ಬರು ಮಾತ್ರ ತಟ್ಟೆ ನೋಡಿಕೊಂಡು ಉಣ್ಣುತ್ತಿರುತ್ತಾರೆ. 'ಏನು ವಿಷಯ?' ಅಂದರೆ 'ಏನಿಲ್ಲ, ಆಮೇಲೆ ಹೇಳ್ತೀನಿ' ಅನ್ನೋ ಉತ್ತರ. ಮದುವೆಮನೆಯಲ್ಲಿ ಹೀಗಾದರೆ ಬೇಜಾರಾಗುತ್ತದೆ. ಸಾವಿನ ಮನೆಯಲ್ಲಿ ಹೀಗಾದರೆ ಅದು ಜೀವನಪೂರ್ತಿ ಉಳಿದುಬಿಡುತ್ತದೆ.

'ತುಟಿ ನೋಡಿ ಅರ್ಥ ಮಾಡ್ಕೋತಾಳೆ ಬಿಡಿ'

ಇದು ನಾವೆಲ್ಲ ಹೇಳುವ ಮಾತು. ಒಂದು ಸಣ್ಣ ಪ್ರಯೋಗ ಮಾಡಿ. ಕನ್ನಡಿ ಎದುರು ನಿಂತು, ದನಿ ಹೊರಡಿಸದೆ 'ಅಪ್ಪ' ಅನ್ನಿ. ಆಮೇಲೆ 'ಅಮ್ಮ' ಅನ್ನಿ. ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಂಡಿತಾ? ಪ, ಬ, ಮ ಮೂರೂ ತುಟಿ ಮುಚ್ಚಿಯೇ ಹುಟ್ಟುವ ಅಕ್ಷರಗಳು. ನೋಡುವ ಕಣ್ಣಿಗೆ ಮೂರೂ ಒಂದೇ. ಕ, ಗ, ಹ ಅಂಥವು ಗಂಟಲ ಕಡೆಯಲ್ಲಿ ಹುಟ್ಟುವುದರಿಂದ ತುಟಿಯ ಮೇಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. 'ಅಪ್ಪ ಹೋಗ್ಬಿಟ್ರು' ಅಂತ ನೀವು ಅಳುತ್ತಾ, ತುಟಿ ನಡುಗಿಸುತ್ತಾ, ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದರೆ, ಎದುರಿಗಿರುವ ಮಗುವಿಗೆ ಹೋದದ್ದು ಅಪ್ಪನೋ ಅಮ್ಮನೋ ಅನ್ನೋದೇ ಗೊತ್ತಾಗದಿರಬಹುದು. 2020, 2021ರ ಕೊರೊನಾ ದಿನಗಳನ್ನು ನೆನಪು ಮಾಡಿಕೊಳ್ಳಿ. ಎಲ್ಲರ ಬಾಯಿಗೂ ಮಾಸ್ಕ್. ಆಗ ತುಟಿಯೂ ಕಾಣದೆ, ಅಂತ್ಯಸಂಸ್ಕಾರಕ್ಕೂ ಹೋಗಲಾಗದೆ, ಎಷ್ಟು ಮಕ್ಕಳು ಏನೂ ತಿಳಿಯದೆ ಕೂತಿದ್ದರೋ!

'ಮಷಿನ್ ಹಾಕ್ಕೊಂಡಿದ್ದಾಳಲ್ಲ, ಕೇಳಿಸುತ್ತೆ' ಅನ್ನುವವರೂ ಇದ್ದಾರೆ. ಶ್ರವಣಯಂತ್ರ ಇರಲಿ, ಆಪರೇಷನ್ ಮಾಡಿ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್ ಇರಲಿ, ನಿಶ್ಶಬ್ದ ಕೋಣೆಯಲ್ಲಿ ಒಬ್ಬರ ಜೊತೆ ಮಾತಾಡುವಾಗ ಆಗುವಷ್ಟು ಉಪಯೋಗ ಗದ್ದಲದಲ್ಲಿ ಆಗುವುದಿಲ್ಲ. ಸಾವಿನ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಅಳುತ್ತಿರುತ್ತಾರೆ, ಆಚೆ ತಮಟೆಯೋ ಶಂಖವೋ ಕೇಳುತ್ತಿರುತ್ತದೆ, ಬಂದವರೆಲ್ಲ ಮಾತಾಡುತ್ತಿರುತ್ತಾರೆ. ಆ ಸದ್ದಿನಲ್ಲಿ ಯಂತ್ರಕ್ಕೂ ದಿಕ್ಕು ತೋಚುವುದಿಲ್ಲ.

ಇನ್ನು ನಮ್ಮ ಮಾತಿನ ವರಸೆ. 'ಹೋಗ್ಬಿಟ್ರು', 'ತೀರಿಕೊಂಡ್ರು', 'ದೇವರ ಪಾದ ಸೇರಿದ್ರು', 'ವೈಕುಂಠಕ್ಕೆ ಹೋದ್ರು', ಮಕ್ಕಳಿಗಾದರೆ 'ಮಲಗಿದ್ದಾರೆ', 'ಊರಿಗೆ ಹೋಗಿದ್ದಾರೆ'. ಸಾವನ್ನು ನೇರವಾಗಿ ಹೇಳುವುದು ನಮಗೆ ಕಷ್ಟ, ಅಪಶಕುನ. ಆದರೆ ಕಿವಿಯಿಂದ ಭಾಷೆ ಕಲಿಯದ ಮಗುವಿಗೆ 'ಹೋದರು' ಅಂದರೆ ಹೋದರು ಅಂತಲೇ ಅರ್ಥ. ಹೋದವರು ವಾಪಸ್ ಬರಬೇಕಲ್ಲ! ಸತ್ತವರು ಮತ್ತೆ ಬರುವುದಿಲ್ಲ ಅನ್ನೋದು ಸಾಮಾನ್ಯವಾಗಿ ಐದರಿಂದ ಏಳನೇ ವಯಸ್ಸಿನೊಳಗೆ ಮಕ್ಕಳಿಗೆ ತಿಳಿಯುತ್ತದೆ. ಭಾಷೆ ತಡವಾಗಿ ಸಿಕ್ಕ ಮಗುವಿಗೆ ಯಾರೂ ಬಿಡಿಸಿ ಹೇಳದಿದ್ದರೆ ಅದೂ ತಡವಾಗಬಹುದು. ಬುದ್ಧಿ ಕಡಿಮೆ ಅಂತಲ್ಲ, ಹೇಳಿದವರು ಇಲ್ಲ ಅಂತ.

ಹೇಳುವುದು ಹೇಗೆ?

'ಹೇಳಿದ್ರೆ ಕುಸಿದುಹೋಗ್ತಾಳೆ' ಅನ್ನೋ ಭಯ ನಿಮಗಿದ್ದರೆ ಅದು ಸಹಜ. ಪರೀಕ್ಷೆ ಇರಬಹುದು, ಕೆಲಸದ ಇಂಟರ್‌ವ್ಯೂ ಇರಬಹುದು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದೇ ವಯಸ್ಸಿನ ಕೇಳುವ ಮಗನಿಗೆ ನೀವು ಹೇಳುತ್ತಿದ್ದಿರಾ? ಹೇಳುತ್ತಿದ್ದಿರಿ ಅಂತಾದರೆ ಇವಳಿಗೂ ಹೇಳಬೇಕು. ಪರೀಕ್ಷೆ ಪೂರಕ ಪರೀಕ್ಷೆಯಲ್ಲಾದರೂ ಬರೆಯಬಹುದು. ಅಜ್ಜಿಯ ಮುಖವನ್ನು ಕೊನೆಯ ಸಲ ನೋಡಲು ಇನ್ನೊಂದು ದಿನ ಸಿಗುವುದಿಲ್ಲ.

ಹೇಳುವಾಗ ಬೆಳಕಿರುವ ಕಡೆ ಕೂರಿಸಿ. ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ, ಎದುರಾಬದುರು ಕೂತುಕೊಳ್ಳಿ. ಸನ್ನೆ ಭಾಷೆ ಬರುವವರು ಮನೆಯಲ್ಲಿದ್ದರೆ ಅವರೇ ಹೇಳಲಿ. ಬರದಿದ್ದರೆ ಬರೆದು ತೋರಿಸಿ, ಅವಳಿಗೆ ಓದಲು ಸಲೀಸಾದ ಭಾಷೆಯಲ್ಲಿ ಸಣ್ಣ ವಾಕ್ಯಗಳಾಗಿ ಬರೆಯಿರಿ. 'ಅಜ್ಜಿ ಸತ್ತುಹೋದರು. ಇವತ್ತು ಬೆಳಗ್ಗೆ ನಾಲ್ಕು ಗಂಟೆಗೆ. ಹೃದಯ ನಿಂತುಹೋಯಿತು. ಅವರು ಮತ್ತೆ ಬರುವುದಿಲ್ಲ. ನಾವೆಲ್ಲ ಈಗ ಅಲ್ಲಿಗೆ ಹೋಗುತ್ತೇವೆ. ನೀನೂ ಬಾ.' ಹೀಗೆ ಬರೆಯೋಕೆ ಕೈ ನಡುಗುತ್ತದೆ, ನಿಜ. ಆದರೂ 'ಸತ್ತುಹೋದರು' ಅನ್ನೋ ಪದವನ್ನೇ ಬರೆಯಿರಿ.

ತಬ್ಬಿಕೊಳ್ಳುವುದನ್ನು ಸ್ವಲ್ಪ ತಡೆದುಕೊಳ್ಳಿ. ಆಶ್ಚರ್ಯವಾಯಿತಾ? ನಾವು ತಬ್ಬಿಕೊಂಡು ಬೆನ್ನು ಸವರುತ್ತಾ ಕಿವಿಯ ಹತ್ತಿರ ಸಮಾಧಾನ ಹೇಳುತ್ತೇವೆ. ಅವಳನ್ನು ತಬ್ಬಿಕೊಂಡರೆ ನಿಮ್ಮ ಮುಖ ಕಾಣುವುದಿಲ್ಲ, ನಿಮ್ಮ ಕೈ ಕಾಣುವುದಿಲ್ಲ. ಮಾತು ಅಲ್ಲಿಗೇ ನಿಂತುಹೋಯಿತು. ಮೊದಲು ಹೇಳಿ, ಅವಳ ಪ್ರಶ್ನೆಗಳಿಗೆ ಉತ್ತರ ಕೊಡಿ, ಆಮೇಲೆ ಎಷ್ಟು ಹೊತ್ತು ಬೇಕಾದರೂ ತಬ್ಬಿಕೊಳ್ಳಿ. ರಾತ್ರಿ ಪಕ್ಕದಲ್ಲಿ ಮಲಗಿದರೂ ಒಂದು ಸಣ್ಣ ದೀಪ ಉರಿಯಲಿ. ದೀಪ ಆರಿದರೆ ಅವಳ ಮಾತೂ ಆರಿಹೋಗುತ್ತದೆ. ದುಃಖ ಉಕ್ಕುವುದು ಹೆಚ್ಚಾಗಿ ರಾತ್ರಿಯಲ್ಲೇ ತಾನೇ?

ಮುಂದಿನ ವಿಧಿಗಳನ್ನೂ ಮೊದಲೇ ತಿಳಿಸಿ. ದೇಹ ಮನೆಗೆ ಯಾವಾಗ ಬರುತ್ತದೆ, ಸ್ನಾನ ಯಾಕೆ ಮಾಡಿಸುತ್ತಾರೆ, ಬಾಯಿಗೆ ಅಕ್ಕಿ ಯಾಕೆ ಹಾಕುತ್ತಾರೆ, ಸುಡುವುದೋ ಹೂಳುವುದೋ, ಮೂರನೇ ದಿನದ ಹಾಲುತುಪ್ಪ, ಹನ್ನೊಂದನೇ ದಿನ, ಹದಿಮೂರನೇ ದಿನ ಏನೇನು, ಎಲ್ಲವನ್ನೂ. ನಿಮ್ಮ ಮನೆಯ ಪದ್ಧತಿ ಯಾವುದೇ ಇರಲಿ, ಕೇಳುವವರಿಗೆ ಪುರೋಹಿತರ, ಹಿರಿಯರ ಮಾತಿನಿಂದಲೇ ಅದು ತಿಳಿಯುತ್ತಾ ಹೋಗುತ್ತದೆ. ಅವಳಿಗೆ ಮಾತ್ರ ಅದು ಅರ್ಥವಿಲ್ಲದ, ಕೆಲವೊಮ್ಮೆ ಹೆದರಿಸುವ ದೃಶ್ಯ. ಆ ದಿನಗಳಲ್ಲಿ ಅವಳ ಪಕ್ಕದಲ್ಲಿ ಕೂತು 'ಈಗ ಇದು, ಮುಂದೆ ಅದು' ಅಂತ ತಿಳಿಸುವುದಕ್ಕೇ ಒಬ್ಬರನ್ನು ನೇಮಿಸಿ. ಅಣ್ಣನೋ ಸೋದರತ್ತೆಯ ಮಗಳೋ, ಯಾರಾದರೂ ಸರಿ. ನೀವೇ ಆಗಬೇಕಿಲ್ಲ. ನಿಮಗೂ ಅಳುವುದಿದೆ.

ಇನ್ನೊಂದು ಮಾತು. ಅವಳು ಜೋರಾಗಿ ಅತ್ತರೆ ಬಾಯಿ ಮುಚ್ಚಿಸಬೇಡಿ. ತನ್ನ ದನಿ ತನಗೇ ಕೇಳಿಸದವರ ಅಳು ನಮ್ಮ ಅಳುವಿನ ಹಾಗಿರುವುದಿಲ್ಲ. ಬಂದವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.

ಗೇಟಿನಾಚೆ ನಿಂತ ಗೆಳೆಯರು

ಇಲ್ಲಿಯವರೆಗೆ ಮನೆಯೊಳಗಿನ ಮಾತಾಯಿತು. ಇನ್ನು ಗೆಳೆಯರ ವಿಷಯಕ್ಕೆ ಬರೋಣ. ನಾವು ಪೂರಾ ಮರೆತುಬಿಡುವುದು ಇವರನ್ನೇ.

ಪರಿಚಯದವರ ಮಗನೊಬ್ಬ, ಇಪ್ಪತ್ತಮೂರು ವರ್ಷದ ಕಿವುಡ ಹುಡುಗ, ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ನಾನು ಹೋದಾಗ ಶಾಮಿಯಾನದ ಕೆಳಗೆ ನೆಂಟರಿಷ್ಟರೆಲ್ಲ ಕೂತಿದ್ದರು. ಗೇಟಿನಾಚೆ ಬಿಸಿಲಲ್ಲಿ ಸುಮಾರು ಇಪ್ಪತ್ತು ಹುಡುಗ ಹುಡುಗಿಯರು ನಿಂತಿದ್ದರು. ಎಲ್ಲರ ಕೈಯೂ ವೇಗವಾಗಿ ಆಡುತ್ತಿತ್ತು, ಮುಖದಲ್ಲಿ ನೂರು ಭಾವ. ಹಿರಿಯರೊಬ್ಬರು 'ಸಾವಿನ ಮನೆ ಮುಂದೆ ಏನಿದು ಆಟ?' ಅಂತ ಗದರಿಸಿಯೇಬಿಟ್ಟರು. ಗದರಿದ್ದು ಅವರಿಗೆ ಕೇಳಿಸಲಿಲ್ಲ, ಆದರೆ ಮುಖ ನೋಡಿ ಅರ್ಥವಾಯಿತು. ಇಬ್ಬರು ಹುಡುಗಿಯರು ಹಿಂದೆ ಸರಿದರು.

ಸನ್ನೆ ಭಾಷೆಯಲ್ಲಿ ಹುಬ್ಬು, ಕಣ್ಣು, ಕೆನ್ನೆ, ಬಾಯಿ ಎಲ್ಲವೂ ವ್ಯಾಕರಣದ ಭಾಗ. ಪ್ರಶ್ನೆ ಕೇಳುವುದಕ್ಕೂ ಹುಬ್ಬು ಬೇಕು, 'ಇಲ್ಲ' ಅನ್ನುವುದಕ್ಕೂ ಮುಖ ಬೇಕು. ಗೊತ್ತಿಲ್ಲದವರಿಗೆ ಅದು ತಮಾಷೆ ಮಾಡುತ್ತಿರುವ ಹಾಗೆ ಕಾಣುತ್ತದೆ. ಅವರು ಅಲ್ಲಿ ಮಾಡುತ್ತಿದ್ದದ್ದು ನಾವು ಶಾಮಿಯಾನದೊಳಗೆ ಮಾಡುತ್ತಿದ್ದದ್ದನ್ನೇ: 'ಹೇಗಾಯ್ತು? ನಿನ್ನೆ ತಾನೇ ಸಿಕ್ಕಿದ್ದ...'

ಕೊನೆಗೆ ಆ ಹುಡುಗನ ತಂಗಿ ಎದ್ದುಹೋಗಿ ಅವರನ್ನೆಲ್ಲ ಒಳಗೆ ಕರೆತಂದಳು. ಅವಳಿಗೆ ಅಷ್ಟೋ ಇಷ್ಟೋ ಸನ್ನೆ ಬರುತ್ತಿತ್ತು. ಒಬ್ಬೊಬ್ಬರೇ ಹೂವಿಟ್ಟು ಕೈ ಮುಗಿದು, ಅವನ ಮುಂದೆ ಎಲ್ಲರೂ ಒಂದೇ ಸನ್ನೆ ಮಾಡಿದರು: ಎರಡು ಬೆರಳಲ್ಲಿ ಎಡಹುಬ್ಬು ಮುಟ್ಟುವುದು. ತಾಯಿಗೆ ಅರ್ಥವಾಗಲಿಲ್ಲ. ತಂಗಿ ಹೇಳಿದಳು, 'ಅದು ಅಣ್ಣನ ಹೆಸರಮ್ಮ.'

ಕಿವುಡ ಸಮುದಾಯದಲ್ಲಿ ಪ್ರತಿಯೊಬ್ಬರಿಗೂ ಗೆಳೆಯರು ಕೊಟ್ಟ ಒಂದು ಸನ್ನೆ ಹೆಸರಿರುತ್ತದೆ. ಗುಂಗುರು ಕೂದಲೋ, ಕೆನ್ನೆಯ ಗುಳಿಯೋ, ಏನಾದರೊಂದು ಗುರುತು. ಇವನಿಗೆ ಚಿಕ್ಕಂದಿನಲ್ಲಿ ಕ್ರಿಕೆಟ್ ಆಡುವಾಗ ಹುಬ್ಬಿಗೆ ಪೆಟ್ಟಾಗಿ ಕಲೆ ಉಳಿದಿತ್ತು. 'ಹದಿನೈದು ವರ್ಷದಿಂದ ನನ್ನ ಮಗನಿಗೆ ಇನ್ನೊಂದು ಹೆಸರಿತ್ತು. ನನಗೇ ಗೊತ್ತಿರಲಿಲ್ಲವಲ್ರೀ' ಅಂತ ಆ ತಾಯಿ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಹದಿಮೂರನೇ ದಿನ ಅವರೇ ಹೇಳಿಕಳಿಸಿ ಗೆಳೆಯರನ್ನು ಊಟಕ್ಕೆ ಕರೆಸಿದರು. ಮಗ ಜೋಕ್ ಹೇಳುವುದರಲ್ಲಿ ನಿಸ್ಸೀಮ ಅಂತ, ಚಿಕ್ಕ ಹುಡುಗರಿಗೆ ಬ್ಯಾಂಕ್ ಪರೀಕ್ಷೆಗೆ ಹೇಳಿಕೊಡುತ್ತಿದ್ದ ಅಂತ ಗೊತ್ತಾಗಿದ್ದು ಅವತ್ತೇ. ಮನೆಯಲ್ಲಿ ಅವನು ಮೌನಿ. 'ನಮ್ಮ ಮಗ ಮಾತಾಡ್ತಾನೆ ಅನ್ನೋದೇ ನಮಗೆ ಗೊತ್ತಿರಲಿಲ್ಲ' ಅಂದರು. ಈಗ ಪ್ರತಿವರ್ಷ ಅವನ ತಿಥಿಗೆ ಮೊದಲ ಎಲೆಗಳು ಆ ಗೆಳೆಯರಿಗೇ.

ಶಾಲೆ, ಹಾಸ್ಟೆಲ್‌ಗಳಲ್ಲಿ ಒಟ್ಟಿಗೆ ಬೆಳೆದ ಕಿವುಡ ಮಕ್ಕಳಿಗೆ ಗೆಳೆಯ ಅಂದರೆ ಬರೀ ಗೆಳೆಯನಲ್ಲ. ಪೂರ್ತಿ ವಾಕ್ಯದಲ್ಲಿ, ಸುಸ್ತಾಗದೆ ಮಾತಾಡಲು ಸಿಗುವ ಒಬ್ಬನೇ ಮನುಷ್ಯ. ಅಂಥವನು ಹೋದರೆ ಆಗುವ ನಷ್ಟ ಎಂಥದ್ದು ನೋಡಿ. ಆದರೆ ಸಂಬಂಧಿಯಲ್ಲ ಅಂತ ಅವರಿಗೆ ಯಾರೂ ಸಾಂತ್ವನ ಹೇಳುವುದಿಲ್ಲ, ಕಾಲೇಜಿನಲ್ಲಿ ರಜ ಕೊಡುವುದಿಲ್ಲ, ಮನೆಯಲ್ಲಿ 'ಅವನ್ಯಾರು ನಿನಗೆ?' ಅನ್ನುತ್ತಾರೆ. ಹೀಗೆ ಬಹಿರಂಗವಾಗಿ ಅಳುವ ಹಕ್ಕೇ ಸಿಗದ ಶೋಕವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಗುರುತಿಸಿ, ಸಮಾಜ ಮಾನ್ಯತೆ ಕೊಡದ ಶೋಕ ಅನ್ನೋ ಅರ್ಥದ ಹೆಸರು ಕೊಟ್ಟರು. ನಿಮ್ಮ ಮಗಳ ಗೆಳತಿ ತೀರಿಕೊಂಡಿದ್ದರೆ ದಯವಿಟ್ಟು ಅವಳನ್ನು ಆ ಮನೆಗೆ ಕರೆದುಕೊಂಡು ಹೋಗಿ. ಜೊತೆಗೆ ನೀವೂ ಇರಿ.

ಮೊಬೈಲ್ ವಿಷಯಕ್ಕೆ ಬಂದರೆ, 'ಸಾವಿನ ಮನೇಲೂ ಮೊಬೈಲ್ ನೋಡ್ತಾ ಕೂತಿದ್ದಾಳೆ' ಅಂತ ನೆಂಟರು ಮೂಗು ಮುರಿಯುತ್ತಾರೆ. ನಾವು ಅಕ್ಕತಂಗಿಯರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತು ಹಗುರಾಗುತ್ತೇವೆ. ಅವಳು ಹಗುರಾಗುವುದು ಗೆಳತಿಯರ ಜೊತೆ ವಿಡಿಯೋ ಕಾಲ್‌ನಲ್ಲಿ. ಫೋನ್ ಕಿತ್ತುಕೊಳ್ಳಬೇಡಿ. ಡೇಟಾ ಮುಗಿದಿದ್ದರೆ ರೀಚಾರ್ಜ್ ಮಾಡಿಸಿಕೊಡಿ. ಬೆಳಕಿರುವ ಒಂದು ಕೋಣೆ ಬಿಟ್ಟುಕೊಡಿ. ಗೆಳತಿಯರು ಮನೆಗೇ ಬಂದರೆ ಇನ್ನೂ ಒಳ್ಳೆಯದು. ಕಾಫಿ ಕೊಟ್ಟು, ಅವರನ್ನು ಅವರ ಪಾಡಿಗೆ ಬಿಡಿ. ಗೆಳತಿಯರಿಗೂ ಒಂದು ಮಾತು: ಏನು ಹೇಳಬೇಕೋ ತಿಳಿಯದೆ ದೂರ ಉಳಿಯಬೇಡಿ. ಸುಮ್ಮನೆ ಎದುರಿಗೆ ಕೂತು ಅವಳು ಹೇಳುವುದನ್ನು ನೋಡಿ, ಸಾಕು.

ನಿಮ್ಮ ತಪ್ಪಲ್ಲ, ಆದರೆ...

ಇಷ್ಟನ್ನು ಓದಿ ಕೆಲವು ತಾಯಂದಿರಿಗೆ ಕೋಪ ಬರಬಹುದು. 'ಸನ್ನೆ ಮಾಡ್ಬೇಡಿ, ಮಾತು ಬರಲ್ಲ ಅಂತ ಹೇಳಿದ್ದು ಡಾಕ್ಟ್ರೇ, ಟೀಚರ್ರೇ. ಈಗ ನಮ್ಮನ್ನೇ ದೂರ್ತೀರಾ?' ನಿಮ್ಮ ಕೋಪ ನ್ಯಾಯವಾದದ್ದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಕಿವುಡರ ಶಿಕ್ಷಣ ಸಮ್ಮೇಳನವೊಂದು, ಸನ್ನೆ ಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕು ಅಂತ ನಿರ್ಣಯ ಮಾಡಿತು. ಆ ಧೋರಣೆ ದೇಶ ದೇಶಗಳ ಶಾಲೆಗಳಿಗೆ ಹಬ್ಬಿತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಸರಣಿಯ ಸಮ್ಮೇಳನ ಆ ಹಳೆಯ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ಅಷ್ಟರಲ್ಲಿ 130 ವರ್ಷ ಕಳೆದಿತ್ತು. ನೀವೂ ನಾವೂ ಆ 130 ವರ್ಷದ ಬಾಲಂಗೋಚಿಯಲ್ಲಿ ಸಿಕ್ಕಿಕೊಂಡವರು.

ಈಗ ಕಲಿಯುವುದಕ್ಕೆ ದಾರಿಯಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅದು 2018ರಲ್ಲಿ ಮೂರು ಸಾವಿರ ಪದಗಳ ವಿಡಿಯೋ ನಿಘಂಟು ತಂದಿತು, 2021ರ ಹೊತ್ತಿಗೆ ಅದು ಹತ್ತು ಸಾವಿರ ಪದಗಳಿಗೆ ಬೆಳೆಯಿತು. 2022ರಲ್ಲಿ 'ಸೈನ್ ಲರ್ನ್' ಅನ್ನೋ ಮೊಬೈಲ್ ಆ್ಯಪ್ ಕೂಡ ಬಂದಿದೆ. ಮಧ್ಯಾಹ್ನ ಊಟವಾದ ಮೇಲೆ ಸೀರಿಯಲ್ ನೋಡುವ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕಿಡಿ. ಇನ್ನೂ ಸುಲಭದ ದಾರಿ ಎಂದರೆ ಮಗಳನ್ನೇ ಟೀಚರ್ ಮಾಡಿಕೊಳ್ಳುವುದು. ಸಾವಿನ ದಿನ ಕಲಿಯಲು ಆಗುವುದಿಲ್ಲ. ನೋವು, ಭಯ, ಆಸ್ಪತ್ರೆ, ಸಾವು, ನೆನಪು, 'ನಾನಿದ್ದೀನಿ' ಇಂಥ ಪದಗಳನ್ನು ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ಕಲಿಯಬೇಕು. ಇದರಲ್ಲಿ ಅಪಶಕುನ ಏನೂ ಇಲ್ಲ. ಮನೆಗೆ ಇನ್ಶೂರೆನ್ಸ್ ಮಾಡಿಸುವುದಿಲ್ಲವೇ, ಹಾಗೆ.

ಯಾವಾಗ ಬೇರೆಯವರ ಸಹಾಯ ಬೇಕು?

ಊಟ ಸೇರದಿರುವುದು, ನಿದ್ದೆ ಕೆಡುವುದು, ಸುಮ್ಮಸುಮ್ಮನೆ ರೇಗುವುದು, ಒಂದು ದಿನ ನಗುತ್ತಾ ಇದ್ದು ಮರುದಿನ ಅಳುವುದು, ಇವೆಲ್ಲ ಶೋಕದಲ್ಲಿ ಸಾಮಾನ್ಯ. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಆರು ತಿಂಗಳು ದಾಟಿದರೂ ತೀವ್ರತೆ ಕಡಿಮೆಯಾಗದೆ ಓದು, ಕೆಲಸ, ಸ್ನೇಹ ಎಲ್ಲ ನಿಂತೇಹೋಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. 2022ರಲ್ಲಿ ಜಾರಿಗೆ ಬಂದ ಅದರ ರೋಗಪಟ್ಟಿಯಲ್ಲಿ ದೀರ್ಘ ಶೋಕಕ್ಕೆ ಪ್ರತ್ಯೇಕ ಜಾಗವಿದೆ. 'ನಾನೂ ಹೋಗ್ತೀನಿ' ಅನ್ನೋ ಥರದ ಮಾತು, ಬರಹ, ಮೆಸೇಜ್ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ, ತಕ್ಷಣ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರಾದ ನೀವು ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ವೈದ್ಯರ ಹತ್ತಿರ ಹೋದಾಗ ಸನ್ನೆ ಭಾಷೆಯ ಅನುವಾದಕರು ಬೇಕು ಅಂತ ಮೊದಲೇ ಕೇಳಿ. ಕಿವುಡ ಮಕ್ಕಳ ಶಾಲೆಗಳಲ್ಲಿ, ಕಿವುಡರ ಸಂಘಗಳಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಅನುವಾದಕ್ಕೆ ನೀವೇ ಕೂರಬೇಡಿ. ಅಮ್ಮನ ಮೇಲೇ ಕೋಪವಿದ್ದರೆ ಅಮ್ಮನ ಮೂಲಕ ಅದನ್ನು ಹೇಳುವುದು ಹೇಗೆ?

ಇಷ್ಟು ನೆನಪಿರಲಿ

* ಸುದ್ದಿ ಮನೆಯವರಿಗೆಲ್ಲ ತಿಳಿಯುವ ಹೊತ್ತಿಗೇ ಅವಳಿಗೂ ತಿಳಿಯಲಿ. ವಾಟ್ಸ್ಆ್ಯಪ್ ಸ್ಟೇಟಸ್ ನೋಡಿ ತಿಳಿಯುವಂತಾಗಬಾರದು.

* 'ಹೋದರು', 'ಮಲಗಿದರು' ಬೇಡ. 'ಸತ್ತುಹೋದರು' ಅಂತ ಸ್ಪಷ್ಟವಾಗಿ ಹೇಳಿ, ಬರೆದು ತೋರಿಸಿ.

* ಮುಖದ ಮೇಲೆ ಬೆಳಕಿರಲಿ, ಸೆರಗು, ಕರವಸ್ತ್ರ ಬಾಯಿಗೆ ಅಡ್ಡ ಬರದಿರಲಿ.

* ವಿಧಿಗಳ ವಿವರ ಮೊದಲೇ ಕೊಡಿ. ಮುಖ ನೋಡಬೇಕೋ ಬೇಡವೋ, ಸ್ಮಶಾನಕ್ಕೆ ಬರಬೇಕೋ ಬೇಡವೋ ಅನ್ನೋದನ್ನು ಅವಳನ್ನೇ ಕೇಳಿ.

* ಅವಳ ಗೆಳೆಯರಿಗೆ ಸುದ್ದಿ ಮುಟ್ಟಿಸಿ. ಬಂದವರನ್ನು ಗೇಟಿನಾಚೆ ನಿಲ್ಲಿಸಬೇಡಿ.

* ತಿಂಗಳು ಕಳೆದ ಮೇಲೂ ಅವಳು ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದರೆ ಬೇಸರಿಸದೆ ಉತ್ತರ ಕೊಡಿ.

ನಮ್ಮ ಬೀದಿಯ ಆ ಹುಡುಗಿಯ ಕಥೆ ಏನಾಯಿತು ಅಂತ ಕೇಳ್ತೀರಾ? ಅಜ್ಜಿಯ ವರ್ಷಾಬ್ದಿಕದ ಹೊತ್ತಿಗೆ ತಾಯಿ ಅವಳನ್ನು ಕೂರಿಸಿಕೊಂಡು, ಆಸ್ಪತ್ರೆಗೆ ಸೇರಿಸಿದ ದಿನದಿಂದ ಬೂದಿ ಬಿಟ್ಟ ದಿನದವರೆಗೆ ಎಲ್ಲವನ್ನೂ ಬರೆದು ತೋರಿಸಿದರಂತೆ. ಆರು ಹಾಳೆ. ಕೊನೆಯಲ್ಲಿ 'ನಿನಗೆ ಹೇಳದೇ ಇದ್ದದ್ದು ತಪ್ಪು' ಅಂತಲೂ ಬರೆದರಂತೆ. ಹುಡುಗಿ ಅವತ್ತು ಅತ್ತಳು. ಒಂದು ವರ್ಷ ತಡವಾಗಿ. ಆ ಹಾಳೆಗಳನ್ನು ಅಜ್ಜಿಯ ಫೋಟೋದ ಹಿಂದೆ ಇಟ್ಟುಕೊಂಡಿದ್ದಾಳೆ.

ತಪ್ಪಾಗಿದ್ದರೆ ಹೀಗೂ ಸರಿಮಾಡಬಹುದು. ಆದರೆ ನಿಮ್ಮ ಮನೆಯಲ್ಲಿ ಹಾಗಾಗುವುದೇ ಬೇಡ. ಬೆಳಗಿನ ಜಾವದ ಆ ಫೋನ್ ಎಲ್ಲರ ಮನೆಗೂ ಒಂದಲ್ಲ ಒಂದು ದಿನ ಬರುತ್ತದೆ. ಬಂದಾಗ, ನೆಂಟರಿಗೆ ಫೋನ್ ಮಾಡುವ ಮೊದಲು ಒಳಗಿನ ಕೋಣೆಗೆ ಹೋಗಿ. ಲೈಟ್ ಹಾಕಿ, ಅವಳ ಭುಜ ಮುಟ್ಟಿ ಎಬ್ಬಿಸಿ, ಎದುರಿಗೆ ಕೂತು ಹೇಳಿ. ಹೇಳ್ತೀರಿ ತಾನೇ?